ನೆಲದೊಳಗಿನ ಸ್ಟೇಷನ್ನಿಗೆ ತೊಟ್ಟಿಲು ಹೊತ್ತು ಹೋದದ್ದು

ಮನುಷ್ಯ ನೆಲದೊಳಗೆ ಹೋಗುವುದು ಒಂದೇ ಸಲ ಎಂದು ನಾನು ಈ ವಯಸ್ಸಿನವರೆಗೆ ನಂಬಿಕೊಂಡು ಬಂದಿದ್ದೆ. ನಮ್ಮ ಜನರಲ್ಲಿ ಸತ್ತವರನ್ನು ಸುಡುವುದಿಲ್ಲ. ಕೂಡಿಸಿಕೊಂಡು ಒಯ್ದು, ಕೂಡಿಸಿಯೇ ಮಣ್ಣು ಕೊಡುತ್ತೇವೆ. ಹಾಗೆ ಹೋದವರು ಯಾರೂ ಟಿಕೆಟ್ಟು ತೋರಿಸಿ ಇನ್ನೊಂದು ಬಾಗಿಲಿನಿಂದ ಮೇಲೆ ಬಂದದ್ದನ್ನು ನಾನು ಕಂಡಿಲ್ಲ. ಬೆಂಗಳೂರಿನವರು ಮಾತ್ರ ದಿನಾ ಮುಂಜಾನೆ ಇಳಿಯುತ್ತಾರೆ, ದಿನಾ ಸಂಜೆ ಮೇಲೆ ಬರುತ್ತಾರೆ. ಬರಲಿ, ಅವರ ಆಯುಷ್ಯ ಗಟ್ಟಿ ಇರಲಿ. ಆದರೆ ಒಂದು ಮಾತು ಹೇಳಿಯೇಬಿಡುತ್ತೇನೆ. ನಮ್ಮ ರುದ್ರಭೂಮಿಯಲ್ಲಾದರೂ ಕೂಡಲಿಕ್ಕೆ ಜಾಗ ಕೊಟ್ಟು ಕಳಿಸುತ್ತಾರೆ. ಬೆಂಗಳೂರಿನ ನಡುಮಧ್ಯದ ಆ ನೆಲದೊಳಗಿನ ಮೆಟ್ರೋ ಸ್ಟೇಷನ್ನಿನಿಂದ ಎಲ್ಲರನ್ನೂ ನಿಲ್ಲಿಸಿಯೇ ಕಳಿಸುತ್ತಾರೆ.

ನೆಲದೊಳಗಿನ ಸಂಗತಿ ನನಗೆ ಗೊತ್ತಿಲ್ಲ, ಹಳ್ಳಿಯ ಮುದುಕ ಸುಮ್ಮನೆ ಬೈಯುತ್ತಾನೆ ಎಂದು ಯಾರೂ ತಿಳಿಯಬಾರದು. ನಾನು ಬನಹಟ್ಟಿಯ ನೇಕಾರ. ಪವರ್‌ಲೂಮ್ ಹಾಕುವ ಮೊದಲು ಕುಣಿಮಗ್ಗದಲ್ಲಿ ನೇಯ್ದವನು. ಕುಣಿಮಗ್ಗವೆಂದರೆ ಮನೆಯ ನೆಲದಲ್ಲಿ ಒಂದು ತಗ್ಗು. ಅದರಲ್ಲಿ ಕಾಲು ಇಳಿಬಿಟ್ಟು, ಸೊಂಟದ ಮಟ ನೆಲದೊಳಗೆ ಕುಳಿತು, ಕಾಲಿನಿಂದ ತುಳಿಯುತ್ತ ಕೈಯಿಂದ ಲಾಳಿ ಎಸೆಯುತ್ತ ಸೀರೆ ನೇಯಬೇಕು. ಹರೆಯವನ್ನೆಲ್ಲ ಅರ್ಧ ದೇಹ ನೆಲದೊಳಗೆ ಇಟ್ಟು ಕಳೆದವನು ನಾನು. ಆದರೆ ಆ ತಗ್ಗಿನಿಂದ ಎದ್ದಾಗ ಕೈಯಲ್ಲಿ ಒಂದು ಸೀರೆ ಇರುತ್ತಿತ್ತು. ಇವರು ಊರಿನ ಹೊಟ್ಟೆಯನ್ನೇ ಬಗೆದು ಅಷ್ಟು ದೊಡ್ಡ ತಗ್ಗು ತೋಡಿದ್ದಾರೆ, ಹಗಲಿನಲ್ಲೂ ದೀಪ ಹಚ್ಚಿದ್ದಾರೆ, ಲಕ್ಷಗಟ್ಟಲೆ ಜನ ಇಳಿದು ಏರುತ್ತಾರೆ. ಒಬ್ಬನಾದರೂ ಒಂದು ಕರವಸ್ತ್ರ ನೇಯ್ದುಕೊಂಡು ಹೊರಗೆ ಬಂದದ್ದನ್ನು ನಾನು ನೋಡಲಿಲ್ಲ.

ಇಷ್ಟು ತಾತ್ಸಾರ ಇದ್ದವನು ಅಲ್ಲಿಗೆ ಯಾಕೆ ಹೋದೆ ಎಂದು ನೀವು ಕೇಳಬೇಕು. ಕೇಳಿರಿ, ನಾನು ಅದನ್ನು ಹೇಳಲಿಕ್ಕೇ ಕಾಯುತ್ತಿದ್ದೇನೆ. ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಮೊದಲನೆಯ ಮೊಮ್ಮಗಳು. ಸುದ್ದಿ ಬಂದ ದಿನ ಮಗ್ಗ ಬಂದ್ ಮಾಡಿ ಪೇಢೆ ಹಂಚಲು ಹೊರಟವನು ಓಣಿ ಮುಗಿದರೂ ನಿಲ್ಲಲಿಲ್ಲ, ಊರು ಮುಗಿದರೂ ನಿಲ್ಲಲಿಲ್ಲ. ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವನೊಬ್ಬನ ಕೈಯಲ್ಲೂ ಪೇಢೆ ಇಟ್ಟೆ. ಪಾಪ, ಅವನು ‘ಏನ್ ವಿಶೇಷ್ರೀ?’ ಎಂದು ಕೇಳಿದ. ನಾನು ಹೇಳಿ ಮುಗಿಸುವಷ್ಟರಲ್ಲಿ ಅವನ ಜಮಖಂಡಿ ಬಸ್ಸು ಹೋಗಿಬಿಟ್ಟಿತ್ತು. ಫೋನಿನಲ್ಲಿ ಕೂಸಿನ ಫೋಟೋ ಬಂತು. ಮೂಗು ನನ್ನದೇ. ನನ್ನ ಮುಖದ ಮೇಲಿದ್ದಾಗ ಒಬ್ಬರೂ ಹೊಗಳದ ಮೂಗು ಆಕೆಯ ಮುಖಕ್ಕೆ ಎಷ್ಟು ಚೆಂದ ಒಪ್ಪಿದೆಯೆಂದರೆ, ಇಷ್ಟು ವರ್ಷ ಅದು ನನ್ನ ಹತ್ತಿರ ಬರೇ ಕಾಯ್ದಿಡಲಿಕ್ಕೆ ಇತ್ತೋ ಏನೋ ಎನ್ನಿಸಿತು. ನನ್ನ ಹೆಂಡತಿಗೆ, ಅಂದರೆ ನಮ್ಮಾಕಿಗೆ, ಹಾಗೆಂದೆ. ಆಕೆ ಫೋಟೋ ನೋಡಿ, ನನ್ನನ್ನು ನೋಡಿ, ‘ಬೆಳೀತಾ ಬೆಳೀತಾ ಸುಧಾರಸ್ತೈತಿ ಬಿಡ್ರಿ’ ಎಂದಳು.

ಆದರೆ ಸಂತೋಷದ ಜೊತೆಗೆ ಒಂದು ಮುಳ್ಳೂ ಇತ್ತು. ಮಗಳು ಸುನಂದಾ ಇರುವುದು ಬೆಂಗಳೂರಿನಲ್ಲಿ. ಅಳಿಯ ಅಲ್ಲಿಯ ಪೇಟೆಯ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಅದು ಎಲ್ಲರಿಗೂ ಗೊತ್ತಿದ್ದ ಮಾತು. ಡಾಕ್ಟರು ಮಾತ್ರ ಅಷ್ಟು ದೂರ ಬಸ್ಸಿನಲ್ಲಿ ಕೂಡಬಾರದು ಎಂದುಬಿಟ್ಟರು. ಅದೇ ವೇಳೆಗೆ ನಮ್ಮಾಕಿಯ ಕಣ್ಣಿನ ಪೊರೆ ತೆಗೆಸಿದ್ದೆವು. ಒಲೆಯ ಮುಂದೆ ಹೋಗಬಾರದು, ಧೂಳಿನಲ್ಲಿ ಓಡಾಡಬಾರದು. ಹೀಗಾಗಿ ಬಾಣಂತನವೆಲ್ಲ ತೇರದಾಳದ ಬೀಗತಿಯ ಪಾಲಾಯಿತು. ಆಕೆ ಹೋಗಿ ಅಂಟಿನ ಉಂಡೆ ಕಟ್ಟಿದಳು, ಎಣ್ಣೆ-ನೀರು ಹಾಕಿದಳು, ಮತ್ತು ದಿನಾ ಫೋನ್ ಮಾಡಿ ತಾನು ಏನೇನು ಮಾಡಿದೆನೆಂದು ನಮ್ಮಾಕಿಗೆ ವರದಿ ಕೊಟ್ಟಳು. ತವರಿನವರಿಗೆ ಉಳಿದದ್ದು ಒಂದೇ ಮರ್ಯಾದೆ: ತೊಟ್ಟಿಲು. ಚೊಚ್ಚಲ ಕೂಸನ್ನು ತವರಿನಿಂದ ಬಂದ ತೊಟ್ಟಿಲಿಗೇ ಮೊದಲು ಹಾಕಬೇಕು. ರಬಕವಿಯ ಬಡಿಗ್ಯಾರಿಗೆ ಹೇಳಿ ಸಾಗವಾನಿಯ ತೊಟ್ಟಿಲು ಮಾಡಿಸಿದೆ, ಸುತ್ತ ಗಿಳಿಗಳು, ನಾಲ್ಕು ಮೂಲೆಗೆ ಗುಬ್ಬಿಗಳು. ಆಗ ಬೀಗತಿಯ ಫೋನ್ ಬಂತು. ‘ಬೀಗರs, ನಾವಿಲ್ಲೊಂದು ಕರೆಂಟಿನ ತೊಟ್ಟಿಲಾ ತಂದೇವ್ರಿ. ಗುಂಡಿ ಒತ್ತಿದ್ರ ತಾನs ತೂಗತೈತಿ, ತಾನs ಹಾಡತೈತಿ. ಶಾಸ್ತ್ರದ ದಿನ ನೀವು ಬರೂದು ತಡಾ ಆದ್ರ ಕಾಳಜಿ ಮಾಡಬ್ಯಾಡ್ರಿ, ಮಧ್ಯಾಹ್ನದೊಳಗ ಇದರಾಗs ಹಾಕಿಬಿಡ್ತೇವಿ. ಮುಹೂರ್ತ ಮೀರಬಾರದು ನೋಡ್ರಿ.’ ಎಷ್ಟು ಮೃದುವಾಗಿ ಹೇಳಿದಳೆಂದರೆ, ಆ ರಾತ್ರಿ ನಮ್ಮಾಕಿ ಭಾಂಡೆ ತಿಕ್ಕುವಾಗ ಸಪ್ಪಳ ಇಡೀ ಓಣಿಗೆ ಕೇಳಿತು.

ಇನ್ನು ತೊಟ್ಟಿಲು ಒಯ್ಯುವುದಕ್ಕೂ ಒಂದು ರೀತಿ ಇದೆ. ಖಾಲಿ ತೊಟ್ಟಿಲು ತೂಗಬಾರದು, ಖಾಲಿ ತೊಟ್ಟಿಲು ಹೊತ್ತು ಮಗಳ ಮನೆಯ ಹೊಸ್ತಿಲು ದಾಟಬಾರದು. ಅದಕ್ಕೆ ಅರೆಯುವ ಗುಂಡಕಲ್ಲನ್ನು ತೊಳೆದು, ಕುಂಕುಮ ಹಚ್ಚಿ, ಕಾಡಿಗೆಯಿಂದ ಕಣ್ಣು ತೀಡಿ, ತಲೆಗೆ ಕುಂಚಿಗಿ ಕಟ್ಟಿ ತೊಟ್ಟಿಲಿನಲ್ಲಿ ಮಲಗಿಸುತ್ತೇವೆ. ಖರೆ ಕೂಸು ಬರುವ ತನಕ ಅದೇ ಕೂಸು. ಶಾಸ್ತ್ರದಲ್ಲಿ ಅದನ್ನು ತೊಟ್ಟಿಲಿನ ಕೆಳಗೊಮ್ಮೆ ಮೇಲೊಮ್ಮೆ ದಾಟಿಸಿ, ಆಮೇಲೆ ಖರೆ ಕೂಸನ್ನು ಹಾಕುತ್ತಾರೆ. ಹೀಗೆ ನಾನು, ನಮ್ಮಾಕಿ, ತೊಟ್ಟಿಲು, ತೊಟ್ಟಿಲಿನಲ್ಲಿ ನಮ್ಮ ಗುಂಡಪ್ಪ, ನಾಲ್ವರೂ ರಾತ್ರಿಯ ಬಸ್ಸಿಗೆ ಬೆಂಗಳೂರಿನಲ್ಲಿ ಬಂದು ಇಳಿದೆವು. ಬಸ್ಸು ತಡವಾಗಿತ್ತು. ರಸ್ತೆಯ ಮೇಲೆ ಗಾಡಿಗಳು ಸಂತೆಯ ದನಗಳ ಹಾಗೆ ಒಂದಕ್ಕೊಂದು ಆತುಕೊಂಡು ನಿಂತಿದ್ದವು. ಆಟೋದವರು ತೊಟ್ಟಿಲು ನೋಡಿ ಮುಖ ತಿರುಗಿಸಿದರು. ಅಳಿಯ ಫೋನಿನಲ್ಲಿ, ‘ಮಾಮಾ, ಆಟೋದಾಗ ಬಂದ್ರ ಸಂಜಿ ಆಗತೈತ್ರಿ. ಮೆಟ್ರೋಕ್ಕ ಬರ್ರಿ, ನಾ ಇಲ್ಲಿ ಸ್ಟೇಷನ್ ಬಾಗಲದಾಗ ನಿಂತಿರ್ತೇನಿ’ ಎಂದು, ಇಳಿಯಬೇಕಾದ ಸ್ಟೇಷನ್ನಿನ ಹೆಸರನ್ನು ಇಬ್ಬರಿಗೂ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ.

ಇಳಿದೆವು. ಒಂದು ಅಂತಸ್ತು ಇಳಿದರೆ ಇನ್ನೊಂದು, ಅದನ್ನು ಇಳಿದರೆ ಮತ್ತೊಂದು. ನಮ್ಮ ಕಡೆ ಜೋಳ ತುಂಬುವ ಹಗೇವಿಗೆ ಇಳಿಯುವ ಮೊದಲು ಬಾಯಿ ತೆರೆದಿಟ್ಟು ಗಾಳಿ ಆಡಲು ಬಿಡುತ್ತೇವೆ. ಇಲ್ಲಿ ಗಾಳಿಯನ್ನೂ ಮಷಿನ್ನಿನಿಂದಲೇ ಬಿಡುತ್ತಾರೆ, ಅದಕ್ಕೆ ಯಾವ ವಾಸನೆಯೂ ಇಲ್ಲ. ನಮ್ಮಾಕಿ ಹೊಸ ಕಣ್ಣಿನಿಂದ ಸುತ್ತ ನೋಡಿ, ‘ಇಷ್ಟ ದೊಡ್ಡ ಮನಿ ಕಟ್ಟಿ ಒಂದs ಒಂದು ಕಿಟಕಿ ಇಟ್ಟಿಲ್ಲ ನೋಡ್ರಿ. ಇಂಥಾದ್ದ ಕಟ್ಟಿದ್ರ ನಮ್ಮೂರಾಗ ಮನಿ ಕಟ್ಟೂ ಗೌಂಡಿಗೆ ಜನ ಉಗಳತಿದ್ರು’ ಎಂದಳು. ಅದೂ ಅಲ್ಲದೆ ಅಲ್ಲೊಬ್ಬ ಹೆಂಗಸು ಇದ್ದಾಳೆ, ಕಣ್ಣಿಗೆ ಕಾಣುವುದಿಲ್ಲ, ಬರೇ ಮಾತಾಡುತ್ತಾಳೆ. ದಯವಿಟ್ಟು ಗಮನಿಸಿ, ದಯವಿಟ್ಟು ಹಿಂದೆ ನಿಲ್ಲಿ, ದಯವಿಟ್ಟು ಅಲ್ಲಿ ಕೂಡಬೇಡಿ. ನನಗೆ ತಕ್ಷಣ ಬೀಗತಿಯ ನೆನಪಾಯಿತು. ಮಾತೆಲ್ಲ ದಯವಿಟ್ಟು, ಅರ್ಥವೆಲ್ಲ ಹುಷಾರ್!

ಒಳಗೆ ಬಿಡುವ ಮೊದಲು ಸಾಮಾನನ್ನು ಒಂದು ಮಷಿನ್ನಿಗೆ ತಿನ್ನಿಸಬೇಕು. ಅದು ಒಂದು ಬಾಯಿಂದ ತಿಂದು ಇನ್ನೊಂದು ಬಾಯಿಂದ ಹಾಗೇ ಬಿಡುತ್ತದೆ. ಇಂಥ ಕೆಲಸಗೇಡಿ ಹೊಟ್ಟೆಯನ್ನು ನಾನು ಕಂಡಿರಲಿಲ್ಲ. ತೊಟ್ಟಿಲು ಅದರ ಬಾಯಿಗೆ ಹಿಡಿಸಲಿಲ್ಲ. ಖಾಕಿ ತೊಟ್ಟ ಹುಡುಗಿಯೊಬ್ಬಳು ಬಂದು ಬಗ್ಗಿ, ‘ಪಾಪು ಎತ್ಕೊಳ್ಳಿ ಅಜ್ಜಿ’ ಎಂದು ಕುಂಚಿಗಿ ಸರಿಸಿದಳು. ಕಾಡಿಗೆಯ ಎರಡು ಕಣ್ಣು ಆಕೆಯನ್ನು ಕೆಕ್ಕರಿಸಿ ನೋಡಿದವು. ಆಕೆ ಒಂದು ಹೆಜ್ಜೆ ಹಿಂದೆ ಹಾರಿದಳು.

‘ತಾತ, ಏನಿದು?’

‘ನಮ್ಮ ಗುಂಡಪ್ಪರಿ’ ಎಂದೆ.

‘ಕಲ್ಲೆಲ್ಲಾ ತಗೊಂಡು ಮೆಟ್ರೋಗೆ ಬರೋ ಹಾಗಿಲ್ಲ ತಾತ.’

ನಮ್ಮಾಕಿ ಮುಂದೆ ಬಂದಳು. ‘ಒಗ್ಯಾಕ ತಂದಿಲ್ಲ ನನ್ನವ್ವಾ, ಮಲಗಸಾಕ ತಂದೇವಿ.’

ಹುಡುಗಿ ತನ್ನ ಮೇಲಿನವನನ್ನು ಕರೆದಳು. ಅವನು ಬಂದು ಗುಂಡಪ್ಪನನ್ನು ನೋಡಿದ, ಗಿಳಿಗಳನ್ನು ನೋಡಿದ, ನಮ್ಮ ಹಿಂದೆ ಬೆಳೆಯುತ್ತಿದ್ದ ಸಾಲನ್ನು ನೋಡಿದ, ‘ಮೊದಲು ಮೆಷಿನ್‌ಗೆ ಹಾಕಿ, ನೋಡೋಣ’ ಎಂದ. ಈಗ ಬಂತು ನೋಡಿ ಪೇಚು. ಕಲ್ಲು ತೆಗೆದರೆ ತೊಟ್ಟಿಲು ಖಾಲಿ ಆಗುತ್ತದೆ. ‘ಖಾಲಿ ಬಿಡಂಗಿಲ್ಲ’ ಎಂದು ನಮ್ಮಾಕಿ ತೊಟ್ಟಿಲಿಗೆ ಅಡ್ಡ ನಿಂತಳು. ಅವರು ಮಷಿನ್ನು ಎನ್ನುತ್ತಾರೆ, ಈಕೆ ಶಾಸ್ತ್ರ ಎನ್ನುತ್ತಾಳೆ, ಸಾಲಿನಲ್ಲಿ ಇದ್ದವರೆಲ್ಲ ಗಡಿಯಾರ ನೋಡುತ್ತಾರೆ. ಕಡೆಗೆ ಆಕೆ ನನ್ನ ತಲೆಯ ಮೇಲಿನ ಬಿಳಿ ಟೊಪ್ಪಿಗೆಯನ್ನು ಸರ್ರನೆ ಎಳೆದು ತೊಟ್ಟಿಲಿನಲ್ಲಿ ಮಲಗಿಸಿ, ಮೇಲೆ ಕೌದಿ ಹೊದಿಸಿದಳು. ಗುಂಡಪ್ಪ ಕುಂಚಿಗಿ ಕಟ್ಟಿಕೊಂಡು ಮಷಿನ್ನಿನ ಹೊಟ್ಟೆಯೊಳಗೆ ಹೋದ. ತೆರೆಯ ಮೇಲೆ ಕರಿ ಉಂಡೆಯೊಂದು ಕಂಡಿತಂತೆ. ಅಷ್ಟು ಕಾಣಲಿಕ್ಕೆ ಅಷ್ಟು ದೊಡ್ಡ ಮಷಿನ್ನು! ಅದನ್ನು ನಾನು ಮೊದಲೇ ಹೇಳಿರಲಿಲ್ಲವೇ? ‘ಹೋಗಿ ತಾತ, ಹೋಗಿ’ ಎಂದು ಆ ಮೇಲಿನವನು ಕೈ ಬೀಸಿದ. ಗುಂಡಪ್ಪ ತೊಟ್ಟಿಲಿಗೆ, ಟೊಪ್ಪಿಗೆ ನನ್ನ ತಲೆಗೆ ಮರಳಿದವು. ಆ ತನಕ ಬೋಳು ತಲೆಯಲ್ಲಿ ನಾನು ಸಾವಿರ ಜನರ ನಡುವೆ ನಿಂತದ್ದನ್ನು ಯಾರೂ ನೋಡಲಿಲ್ಲ, ಅದೊಂದು ಆ ಸ್ಟೇಷನ್ನಿನ ಉಪಕಾರ. ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ.

ಮುಂದೆ ಇಲಿಬೋನಿನಂಥ ಬಾಗಿಲು. ಟಿಕೆಟ್ಟಿನ ಬಿಲ್ಲೆ ತಾಗಿಸಿದರೆ ತೆರೆಯುತ್ತದೆ, ಚೂರು ತಡ ಮಾಡಿದರೆ ತೊಡೆ ಹಿಡಿಯುತ್ತದೆ. ಅದರಾಚೆ ತಾನೇ ಇಳಿಯುವ ಮೆಟ್ಟಿಲು. ಏರಲಿಕ್ಕೆ ಬೇಸರ ಪಡುವವರನ್ನು ನಾನು ಕಂಡಿದ್ದೇನೆ, ಸ್ವತಃ ನಾನೇ ಅಂಥವನು. ಇಳಿಯಲಿಕ್ಕೂ ಬೇಸರ ಪಡುವವರನ್ನು ಅಲ್ಲೇ ಮೊದಲು ನೋಡಿದ್ದು. ಉಣ್ಣುವಾಗ ತುತ್ತು ತಾನೇ ಬಾಯಿಗೆ ಬರುವ ಮಷಿನ್ನೂ ಇನ್ನೊಂದು ಅಂತಸ್ತು ಕೆಳಗೆ ಇದ್ದೀತು ಅಂದುಕೊಂಡೆ. ಮೆಟ್ಟಿಲಿನ ಮೇಲೆ ತೊಟ್ಟಿಲು ಇಟ್ಟ ಕೂಡಲೇ ಅದು ಓಲಾಡತೊಡಗಿತು. ಗುಂಡಪ್ಪ ಮೊದಲ ಸಲ ತೂಗಿಸಿಕೊಂಡದ್ದು ನೆಲದೊಳಗೆ, ಕಬ್ಬಿಣದ ಮೆಟ್ಟಿಲಿನ ಮೇಲೆ. ‘ಹುಷಾರ್ರೀ, ಕೂಸು ಬಿದ್ದೀತು!’ ಎಂದು ನಮ್ಮಾಕಿ ಚೀರಿದ್ದಕ್ಕೆ ಮುಂದಿದ್ದ ಹತ್ತಾರು ಮಂದಿ ಕಿವಿಯ ವೈರು ತೆಗೆದು ತಿರುಗಿ ನೋಡಿದರು.

ಚೀರಿದಳು ಎಂದು ಅವರಿಗೆ ಅನ್ನಿಸಿತು. ನಮ್ಮಲ್ಲಿ ಅದು ಮಾತು. ಬೆಳಗಿನಿಂದ ಸಂಜೆಯ ತನಕ ಪವರ್‌ಲೂಮುಗಳು ಖಟಾಖಟ್ ಖಟಾಖಟ್ ಹೊಡೆಯುವ ಊರಿನಲ್ಲಿ ಮೆತ್ತಗೆ ಮಾತಾಡಿದರೆ ಉಪವಾಸ ಬೀಳಬೇಕಾಗುತ್ತದೆ. ಮಗ್ಗಗಳ ನಡುವೆ ಚೀರಿದರೂ ಕೇಳುವುದಿಲ್ಲ. ಅದಕ್ಕೆ ನಾವು ತುಟಿ ನೋಡಿ ಮಾತು ತಿಳಿಯುತ್ತೇವೆ, ಕೈಯಿಂದ ಉತ್ತರ ಕೊಡುತ್ತೇವೆ. ಆ ಮೂಲೆಯ ಮಗ್ಗದಿಂದ ಈ ಮೂಲೆಯ ಮಗ್ಗಕ್ಕೆ ನಮ್ಮಾಕಿ ಲಾಳಿಯೊಳಗಿನ ಕಂಡಿಕೆಯ ನೂಲು ತೀರಿದ್ದನ್ನು ಹೇಳುತ್ತಾಳೆ, ಊಟಕ್ಕೆ ಕರೆಯುತ್ತಾಳೆ, ನನ್ನ ಅಕ್ಕತಂಗಿಯರನ್ನು ಬೈಯುತ್ತಾಳೆ, ಒಂದಕ್ಷರ ಸಪ್ಪಳವಿಲ್ಲದೆ. ನಮ್ಮ ಮನೆಯ ಗಂಡ ಹೆಂಡಿರ ಜಗಳ ನೆರೆಯವರಿಗೆ ಕೇಳುವುದಿಲ್ಲ, ಬಂದು ನೋಡಬೇಕು. ಈ ಸ್ಟೇಷನ್ನಿನಲ್ಲೋ, ಸಪ್ಪಳವೇ ಇಲ್ಲ, ಆದರೂ ಯಾರೂ ಮಾತಾಡುವುದಿಲ್ಲ. ಇಷ್ಟು ಜನ ಸೇರಿದ ಕಡೆ ಒಂದು ಜಗಳವಿಲ್ಲ, ಒಂದು ನಗೆಯಿಲ್ಲ, ಯಾವ ಊರು ಎತ್ತ ಎಂದು ಕೇಳುವವರಿಲ್ಲ. ನನ್ನ ಎದೆಯಲ್ಲಿ ಮೊಮ್ಮಗಳು ಹುಟ್ಟಿದ ಸುದ್ದಿ ತುಂಬಿ ತುಳುಕುತ್ತಿದೆ, ಇಳಿಸಲಿಕ್ಕೆ ಒಂದು ಕಿವಿ ಸಿಗಲಿಲ್ಲ. ಎಲ್ಲ ಕಿವಿಗೂ ವೈರು ಹೊಲಿದಿದ್ದರು.

ಗಾಡಿ ಬಂತು. ಈಗ ನಾನು ಮಾಡಿದ್ದನ್ನು ನಮ್ಮ ಕಡೆಯ ಯಾರೇ ಆದರೂ ಮಾಡುತ್ತಿದ್ದರು. ಬಸ್ಸು ಬಂದರೆ ಮೊದಲು ಸೀಟು ಹಿಡಿಯಬೇಕು, ಸಾಮಾನು ಆಮೇಲೆ. ಟಾವೆಲ್ಲನ್ನು ನಮ್ಮಾಕಿಯ ಕೈಗೆ ಕೊಟ್ಟು, ‘ಓಡು, ಸೀಟ್ ಹಿಡಿ, ನಾ ತೊಟ್ಟಿಲಾ ತರ್ತೇನಿ’ ಎಂದೆ. ತೊಟ್ಟಿಲು ಹಗುರಾಗಲೆಂದು ಆಕೆ ಗುಂಡಪ್ಪನನ್ನು ಎತ್ತಿ ಬಗಲಿಗೆ ಹಾಕಿಕೊಂಡು ಜನರ ನಡುವೆ ಲಾಳಿಯ ಹಾಗೆ ನುಗ್ಗಿದಳು. ನಾನು ಅವಸರ ಮಾಡಲಿಲ್ಲ. ಇಳಿಯುವವರು ಇಳಿಯಲಿ, ಕಂಡಕ್ಟರು ಮುಖ ತೋರಿಸಲಿ, ಒಮ್ಮೆ ರೈಟ್ ಅನ್ನಲಿ ಎಂದು ಟೊಪ್ಪಿಗೆ ಸರಿಮಾಡಿಕೊಂಡು ನಿಂತೆ. ತೊಟ್ಟಿಲಿನ ಹಗ್ಗ ಕೈಗೆ ಸುತ್ತಿಕೊಂಡೆ. ತೊಟ್ಟಿಲು ಎತ್ತುವಷ್ಟರಲ್ಲಿ ಯಾರೂ ಕೇಳದೆ, ಯಾರೂ ಹೇಳದೆ, ಬಾಗಿಲು ಮುಚ್ಚಿಕೊಂಡಿತು. ಕಂಡಕ್ಟರಿಲ್ಲದ ಗಾಡಿಗೆ ಮರ್ಯಾದೆ ಎಲ್ಲಿಂದ ಬರಬೇಕು? ನಾನು ಬಿಡುವವನಲ್ಲ. ನಮ್ಮಲ್ಲಿ ಮಾಡುವಂತೆ ಗಾಡಿಯ ತಗಡಿಗೆ ಅಂಗೈಯಿಂದ ಡಬ್ ಡಬ್ ಎಂದು ಬಡಿದು ‘ಹೋಲ್ಡಾನ್! ಹೋಲ್ಡಾನ್!’ ಎಂದು ಕೂಗಿದೆ. ಸೀಟಿ ಕೇಳಿಸಿತು. ಸದ್ಯ, ಕಂಡಕ್ಟರ್ ಇದ್ದಾನೆ, ನಿಲ್ಲಿಸುತ್ತಾನೆ ಎಂದು ಸಮಾಧಾನವಾಯಿತು. ತಿರುಗಿ ನೋಡಿದರೆ ಸೀಟಿ ಊದುತ್ತಿದ್ದವನು ಕಾವಲಿನವನು, ಊದುತ್ತಿದ್ದದ್ದು ನನಗೆ.

ಗಾಜಿನ ಆಚೆ ನಮ್ಮಾಕಿ, ಈಚೆ ನಾನು. ಗಾಡಿ ಇನ್ನೂ ಅಲುಗಿರಲಿಲ್ಲ. ಕಾವಲಿನವನು ನನ್ನ ತೋಳು ಹಿಡಿದು ಹಿಂದೆ ಎಳೆಯುತ್ತಿದ್ದ. ನಾನು ತುಟಿ ಆಡಿಸಿ, ‘ಮುಂದಿನ ಸ್ಟೇಷನ್ನಾಗ ಇಳಿ’ ಎಂದೆ.

‘ಇಳಿಯಂಗಿಲ್ಲ’ ಎಂದವು ಆಕೆಯ ತುಟಿಗಳು. ‘ಸೀಟ್ ಸಿಕ್ಕೈತಿ.’

‘ಸೀಟಿಗೆ ಬೆಂಕಿ ಹಚ್ಚು! ತೊಟ್ಟಿಲಾ ಇಲ್ಲೇ ಉಳೀತು.’

‘ಹಿಂದಿಂದ್ರಾಗ ಬರ್ರಿ. ಫೋನ್ ನನ್ನ ಚೀಲದಾಗ ಐತಿ. ಇಳಿಯೂ ಊರ ನೆನಪೈತಿಲ್ಲೋ?’

‘ಐತಿ. ನಿನಗ ಸೀಟ್ ಯಾರ ಕೊಟ್ರು?’

ಆಕೆ ಬಗಲಿನ ಕುಂಚಿಗಿಯ ಕಡೆ ಕಣ್ಣು ಹೊರಳಿಸಿದಳು. ‘ಕೈಯಾಗ ಕೂಸ ಐತಿ ಅಂತ ಮೂರ ಮಂದಿ ಎದ್ದ ನಿಂತ್ರು.’

ಗಾಡಿ ಹೊರಟಿತು. ಆಕೆ ಕುಳಿತಲ್ಲಿಂದಲೇ ಇನ್ನೂ ಏನೋ ಹೇಳುತ್ತಿದ್ದಳು. ನನಗೆ ಎಲ್ಲ ತಿಳಿಯಿತು, ಇಲ್ಲಿ ಬರೆಯುವುದು ಬೇಡ. ಕಾವಲಿನವನು ಮಾತ್ರ ಬೆಪ್ಪಾಗಿ, ‘ತಾತ, ಯಾರ ಹತ್ರ ಮಾತಾಡ್ತಿದ್ರಿ?’ ಎಂದ. ಅಷ್ಟು ದೊಡ್ಡ ಸ್ಟೇಷನ್ನಿನಲ್ಲಿ ಅಷ್ಟು ಹೊತ್ತಿನಲ್ಲಿ ಖರೆ ಅಂದರೆ ಮಾತಾಡಿದವರು ನಾವಿಬ್ಬರೇ ಎಂದು ಅವನಿಗೆ ಹೇಗೆ ತಿಳಿಸಲಿ?

ಈಗ ನನ್ನ ಹತ್ತಿರ ಉಳಿದದ್ದು ಖಾಲಿ ತೊಟ್ಟಿಲು. ಮೇಲೆ ಬೆಂಗಳೂರಿನಲ್ಲಿ ಹೊತ್ತು ಏರುತ್ತಿದೆ, ನೆಲದೊಳಗೆ ಅದು ತಿಳಿಯುವುದಿಲ್ಲ. ಬೀಗತಿ ಗುಂಡಿ ಒತ್ತಲು ಬೆರಳು ಚಾಚಿ ಕುಳಿತಿರುತ್ತಾಳೆ. ಹಿಂದಿನಿಂದ ಇನ್ನೊಂದು ಗಾಡಿ ಬಂತು. ಈ ಸಲ ನಾನು ಯಾರಿಗೂ ಕಾಯಲಿಲ್ಲ. ತೊಟ್ಟಿಲನ್ನು ಮುಂದೆ ಹಿಡಿದು, ಎತ್ತಿನ ಬಂಡಿ ನುಗ್ಗಿಸಿದ ಹಾಗೆ ನುಗ್ಗಿಸಿದೆ. ಒಳಗೆ ನಿಂತು, ತೊಟ್ಟಿಲಿನಲ್ಲಿ ಮಲಗಿಸಲು ಮತ್ತೆ ಟೊಪ್ಪಿಗೆಗೆ ಕೈ ಹಾಕುವಷ್ಟರಲ್ಲಿ ಪಕ್ಕದಲ್ಲಿದ್ದ ಕಾಲೇಜು ಹುಡುಗಿ, ‘ತಾತ, ಇದರಲ್ಲಿ ಬ್ಯಾಗ್ ಇಡ್ಲಾ? ಭುಜ ನೋಯ್ತಿದೆ’ ಎಂದಳು. ‘ಇಡವಾ, ಪುಣ್ಯ ಬರತೈತಿ’ ಎಂದೆ. ಆಕೆ ಇಟ್ಟದ್ದನ್ನು ನೋಡಿ ಇನ್ನೊಬ್ಬ ಇಟ್ಟ, ಮತ್ತೊಬ್ಬಳು ಇಟ್ಟಳು, ಕೋಟು ತೊಟ್ಟವನೊಬ್ಬ ಕಂಪ್ಯೂಟರಿನ ಚೀಲವನ್ನೇ ಮಲಗಿಸಿದ. ತೊಟ್ಟಿಲು ತುಂಬಿತು. ಬೆಂಗಳೂರಿನವರು ದಿನಾ ಅಷ್ಟು ಭಾರ ಹೊತ್ತು ಅಷ್ಟು ಮುಖ ಗಂಟು ಹಾಕಿಕೊಂಡು ಓಡಾಡುತ್ತಾರೆ, ಅವರಿಗೆ ಬೇಕಾದದ್ದು ಒಂದು ತೊಟ್ಟಿಲು ಎಂದು ಅಷ್ಟೊಂದು ಇಂಜಿನಿಯರುಗಳಲ್ಲಿ ಒಬ್ಬನಿಗೂ ಹೊಳೆದಿಲ್ಲ. ‘ಯಾರಿಗೆ ತಾತ ತೊಟ್ಟಿಲು?’ ಎಂದು ಹುಡುಗಿ ಕೇಳಿದಳು. ಪಾಪ, ಕೇಳಬಾರದಿತ್ತು. ನಾನು ಹೇಳಿ ಮುಗಿಸುವಷ್ಟರಲ್ಲಿ ಅವಳ ಸ್ಟೇಷನ್ನೂ ದಾಟಿತು, ಕೋಟಿನವನದೂ ದಾಟಿತು. ಇಬ್ಬರೂ ನನ್ನ ಜೊತೆಗೇ ಇಳಿದು, ತೊಟ್ಟಿಲಿನ ಆಕಡೆ ಈಕಡೆ ಹಿಡಿದು ಮೇಲೆ ತಂದುಕೊಟ್ಟು, ಬಂದ ದಾರಿಗೆ ಹಿಂತಿರುಗಿ ಓಡಿದರು.

ಬಾಗಿಲಿನಲ್ಲಿ ಅಳಿಯ, ಅವನ ಪಕ್ಕದಲ್ಲಿ ಗುಂಡಪ್ಪನನ್ನು ಹೊತ್ತ ನಮ್ಮಾಕಿ. ಅನ್ನಬೇಕಾದದ್ದನ್ನೆಲ್ಲ ಆಕೆ ಗಾಜಿನ ಹಿಂದೆಯೇ ಅಂದು ಮುಗಿಸಿದ್ದಳು. ಕಲ್ಲನ್ನು ಮತ್ತೆ ತೊಟ್ಟಿಲಿಗೆ ಹಾಕಿ ಮನೆಗೆ ಓಡಿದೆವು. ನಡುಮನೆಯಲ್ಲಿ ಕರೆಂಟಿನ ತೊಟ್ಟಿಲಿಗೆ ಹೂವಿನ ಮಾಲೆ ಏರಿಸಿ ಆಗಿತ್ತು. ‘ಬಂದ್ರೇನ್ರಿ ಬೀಗರs? ನಾವಿನ್ನ ಹಾಕಬೇಕಂತ ಕೂಸಿನ್ನ ಎತ್ತಿದ್ದಿವ್ರಿ’ ಎಂದಳು ಬೀಗತಿ. ‘ಎತ್ತೀರಲ್ಲಾ, ಹಂಗs ಈ ಕಡೆ ತರ್ರಿ’ ಎಂದಳು ನಮ್ಮಾಕಿ. ಮಾಲೆ ಈ ತೊಟ್ಟಿಲಿಗೆ ಬಂತು. ಗುಂಡಪ್ಪನನ್ನು ಕೆಳಗೆ ಮೇಲೆ ದಾಟಿಸಿದರು, ಹೆಂಗಸರು ಹಾಡಿದರು, ಸುನಂದಾ ನಗುತ್ತ ಕಣ್ಣೊರೆಸಿಕೊಂಡಳು. ಆಮೇಲೆ ನಮ್ಮ ಕೂಸು ನಮ್ಮ ತೊಟ್ಟಿಲಿನಲ್ಲಿ, ಗಿಳಿಗಳ ನಡುವೆ ಬಂದು ಮಲಗಿತು. ಫೋಟೋ ಸುಳ್ಳು ಹೇಳಿತ್ತು. ಮೂಗು ನನ್ನದಕ್ಕಿಂತ ನೂರು ಪಾಲು ಛಲೋ ಇತ್ತು! ಬೆರಳು ಚಾಚಿದೆ, ಹಿಡಿದುಕೊಂಡಳು. ನಾನು ಜೀವನದಲ್ಲಿ ನೇಯ್ದ ಸೀರೆಯನ್ನೆಲ್ಲ ಹಾಸಿ ಆ ಬೆರಳಿನ ಕೆಳಗೆ ಇಡಬೇಕು ಅನ್ನಿಸಿತು. ಗೆದ್ದೆವು, ತವರಿನ ಮರ್ಯಾದೆ ಉಳಿಯಿತು ಎಂದು ಬೀಗತಿಯ ಕಡೆ ನೋಡಿದೆ.

ಆಗ ಕೂಸು ಅಳಲು ಸುರು ಮಾಡಿತು. ಅದು ಅಳುವುದಲ್ಲ, ಡಂಗುರ. ತೂಗಿದರೆ ಇನ್ನೂ ಜೋರು. ‘ಕಟಗಿ ಒತ್ತತೈತೋ ಏನೋ ಕೂಸಿಗೆ’ ಎಂದು ಬೀಗತಿ ಎತ್ತಿ ತನ್ನ ಕರೆಂಟಿನದಕ್ಕೆ ಹಾಕಿ ಗುಂಡಿ ಒತ್ತಿದಳು. ಅದು ತೂಗಿತು, ಹಾಡಿತು, ಕೂಸು ಅದರ ಹಾಡು ಕೇಳದಂತೆ ಅತ್ತಿತು. ‘ಕರೆಂಟ್ ಹೊಡದಿರಬೇಕ್ರಿ’ ಎಂದಳು ನಮ್ಮಾಕಿ. ಹೀಗೆ ದಿನಾ ನಡೆಯಿತು. ಎರಡು ದಿನ ಇದ್ದು ಊರಿಗೆ ತಿರುಗಬೇಕೆಂದಿದ್ದ ನಾವು, ಕೂಸು ನಮ್ಮ ತೊಟ್ಟಿಲಿನಲ್ಲಿ ಒಮ್ಮೆಯಾದರೂ ಮಲಗಿದ ಮೇಲೆಯೇ ಹೊರಡುವುದೆಂದು ಹಟ ಹಿಡಿದು ಕುಳಿತೆವು. ಬೀಗತಿಯೂ ಅದೇ ಹಟಕ್ಕೆ ಕುಳಿತಳು. ನಡುವೆ ಸುನಂದಾಳ ಕಣ್ಣಿನ ಕೆಳಗೆ ಕಪ್ಪು ಕಟ್ಟಿತು, ನಿದ್ದೆಯಿಲ್ಲದೆ ಗೋಡೆಗೆ ಒರಗಿದಲ್ಲೇ ತೂಕಡಿಸುತ್ತಿದ್ದಳು. ಒಂದು ವಾರ ಕಳೆಯುವುದರೊಳಗೆ ನಮ್ಮ ತೊಟ್ಟಿಲಿನಲ್ಲಿ ಒಗೆದ ಅರಿವೆ, ಬೀಗತಿಯ ತೊಟ್ಟಿಲಿನಲ್ಲಿ ಉಳ್ಳಾಗಡ್ಡಿ ಬಿದ್ದಿದ್ದವು. ಖಾಲಿ ಇರಬಾರದಲ್ಲ.

ಆಮೇಲೆ ಕೂಸಿಗೆ ಸೂಜಿ ಹಾಕಿಸುವ ದಿನ ಬಂತು. ಎಲ್ಲರೂ ಕೂಡಿ ಮೆಟ್ರೋದಲ್ಲಿ ಹೊರಟೆವು. ಮನೆಯಿಂದ ಅತ್ತುಕೊಂಡು ಬಂದ ಕೂಸು, ಮೆಟ್ಟಿಲಿನ ಮೇಲೂ ಅತ್ತದ್ದು, ಗಾಡಿ ಹೊರಟು ಕತ್ತಲೆಯ ಸುರಂಗಕ್ಕೆ ನುಗ್ಗಿ ಗಡಗಡಿಸಿದ ಕೂಡಲೇ ಬಾಯಿ ತೆರೆದದ್ದು ತೆರೆದಂತೆಯೇ ನಿದ್ದೆ ಹೋಯಿತು. ನಮ್ಮಾಕಿಯೂ ಬೀಗತಿಯೂ ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುನಂದಾ ಕೂಡಾ ಅಲ್ಲೇ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ಗಾಡಿ ನೆಲದಿಂದ ಮೇಲೆ ಬಿಸಿಲಿಗೆ ಬಂದಾಗ ಕೂಸು ಕಣ್ಣು ಬಿಟ್ಟಿತು, ತಾರಕಕ್ಕೆ ಹೋಯಿತು. ಮರಳಿ ಬರುವಾಗ ಸುರಂಗ ಬಂತು, ಮತ್ತೆ ನಿದ್ದೆ. ಸಾಗವಾನಿ ಬೇಡ, ಕರೆಂಟು ಬೇಡ, ಗಿಳಿ ಬೇಡ, ಹಾಡು ಬೇಡ. ಬೇಕಾದದ್ದು ಆ ತಗ್ಗು.

ಈಗ ಮಧ್ಯಾಹ್ನ ಊಟವಾದ ಮೇಲೆ, ಗಾಡಿಯಲ್ಲಿ ಜನ ಕಡಿಮೆ ಇರುವ ಹೊತ್ತಿನಲ್ಲಿ, ಸುನಂದಾ ಮನೆಯಲ್ಲಿ ಮಲಗುತ್ತಾಳೆ, ನಾನು ಕೂಸನ್ನು ಎತ್ತಿಕೊಂಡು ಇಳಿಯುತ್ತೇನೆ. ಒಂದು ದಿನ ನಮ್ಮಾಕಿ ಜೊತೆಗಿರುತ್ತಾಳೆ, ಒಂದು ದಿನ ಬೀಗತಿ. ಸುರಂಗ ಮುಗಿಯುವ ಕಡೆಯ ಸ್ಟೇಷನ್ನಿನ ತನಕ ಹೋಗುವುದು, ಬಿಸಿಲಿಗೆ ಬರುವ ಮೊದಲೇ ಇಳಿದು ಎದುರಿನ ಗಾಡಿ ಹತ್ತಿ ಹಿಂತಿರುಗುವುದು, ಮತ್ತೆ ಹೋಗುವುದು. ನಿನ್ನೆ ಹಾಗೆ ಕುಳಿತಾಗ ಊರಿನಿಂದ ಗೆಳೆಯ ಬಸಪ್ಪನ ಫೋನ್ ಬಂತು.

‘ಏ, ಎಲ್ಲಿ ಅದಿಯೋ? ಮಗ್ಗ ತುಕ್ಕ ಹಿಡ್ಯಾಕತ್ತಾವ. ಯಾವಾಗ ಬರ್ತಿ?’

‘ಈಗ ಬರಾಕ ಆಗಂಗಿಲ್ಲೋ ಬಸಪ್ಪಾ. ಇಲ್ಲಿ ಮೆಟ್ರೋದಾಗ ಕೆಲಸ ಹತ್ತೈತಿ.’

‘ನಿನಗ? ಮೆಟ್ರೋದಾಗ? ಏನ್ ಕೆಲಸಲೇ?’

‘ಕೂಸು ಮಲಗಸೂದು.’

‘ಮೊನ್ನೆ ಫೋನ್ ಹಚ್ಚಿ ಆ ಸ್ಟೇಷನ್ನಿಗೆ ಒಂದ ತಾಸು ಬೈದಾವ ನೀನs ಅಲ್ಲೇನೋ? ನಿನ್ನ ಬೈಗಳಾ ಕೇಳಕೋತ ನನ್ನ ತಾಟಿನ್ಯಾಗಿನ ಅನ್ನ ಆರಿಹೋತು. ಈಗ ಅದರಾಗs ದಿನಾ ತಿರಗ್ತಿ?’

ಅವನಿಗೆ ಒಳ್ಳೆಯ ಉತ್ತರವೇ ಕೊಡಬೇಕಿತ್ತು, ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಗಾಡಿ ಕಡೆಯ ಸ್ಟೇಷನ್ನಿನಲ್ಲಿ ನಿಂತಿತು. ಗಡಗಡ ನಿಂತದ್ದೇ ತಡ, ಕೂಸಿನ ಒಂದು ಕಣ್ಣು ಅರೆ ತೆರೆಯಿತು. ಎದುರಿನ ಗಾಡಿ ಹೊರಡುವುದರಲ್ಲಿತ್ತು. ಫೋನನ್ನು ಹಾಗೇ ಕಿಸೆಗೆ ತುರುಕಿ, ಕೂಸನ್ನು ಎದೆಗವಚಿಕೊಂಡು, ‘ಸರೀರಿ, ಸರೀರಿ’ ಎನ್ನುತ್ತ ಓಡಿದೆ. ಬಾಗಿಲು ಹಿಡಿದ ಮೇಲೆ ತಿರುಗಿ ನೋಡಿದರೆ, ಆ ಸ್ಟೇಷನ್ನಿನಲ್ಲಿ ಓಡಿ ಬರುತ್ತಿದ್ದವರೆಲ್ಲ ನನ್ನ ಹಿಂದೆ ಇದ್ದರು.